ಹದಿಹರೆಯದ ಫ್ಯಾಷನ್ ಪತ್ರಿಕೆಯನ್ನು ಕಾಗದದಿಂದ ಫೋನಿಗೆ ತರುವುದು ಹೇಗೆ

2004ರ ಕೊನೆಯಲ್ಲಿ ಅಮೆರಿಕದ ಕಾಂಡೆ ನಾಸ್ಟ್ ಕಂಪನಿ 'ವೈಎಂ' ಅನ್ನುವ ಹುಡುಗಿಯರ ಪತ್ರಿಕೆಯನ್ನು ಕೊಂಡುಕೊಂಡಿತು. ಕೊಂಡ ಮೇಲೆ ಅದನ್ನು ನಡೆಸಲಿಲ್ಲ, ನಿಲ್ಲಿಸಿಬಿಟ್ಟಿತು. ಅದರ ಚಂದಾದಾರರಿಗೆ ತನ್ನದೇ 'ಟೀನ್ ವೋಗ್' ಕಳಿಸತೊಡಗಿತು. 2008ರಲ್ಲಿ 'ಕಾಸ್ಮೋಗರ್ಲ್' ನಿಂತಾಗಲೂ ಹೀಗೇ ಆಯಿತು. ಅದನ್ನು ತರುತ್ತಿದ್ದ ಹರ್ಸ್ಟ್ ಕಂಪನಿ ಅದರ ಓದುಗರನ್ನು ತನ್ನದೇ 'ಸೆವೆಂಟೀನ್' ಕಡೆಗೆ ತಿರುಗಿಸಿತು. ಪತ್ರಿಕೆಯ ಹೆಸರು, ಪುಟ, ಅಂಕಣ ಎಲ್ಲ ಹೋದವು. ಉಳಿಸಿಕೊಂಡದ್ದು ಓದುಗರ ವಿಳಾಸಗಳನ್ನು.

ಹದಿಹರೆಯದ ಪತ್ರಿಕೆಯೊಂದು ಮುದ್ರಣ ಬಿಟ್ಟು ಡಿಜಿಟಲ್‌ಗೆ ಹೊರಟಾಗ ಈ ಎರಡು ಘಟನೆ ನೆನಪಿರಲಿ. ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕುವುದು ಕೆಲವೇ ವಾರಗಳ ಕೆಲಸ. ಓದುವ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗುವುದಕ್ಕೆ ಎರಡು ವರ್ಷವಾದರೂ ಬೇಕು. ಪುಟವಿನ್ಯಾಸದ ಮೇಜಿನಲ್ಲಿ ಬಹಳ ಕಾಲ ಕೂತವಳಾಗಿ ಹೇಳುತ್ತೇನೆ, ನಾವು ಸಾಮಾನ್ಯವಾಗಿ ಮೊದಲನೆಯದನ್ನೇ ಪೂರ್ತಿ ಕೆಲಸ ಅಂದುಕೊಳ್ಳುತ್ತೇವೆ. ಕಾಲೇಜಿನ ಪುಟ್ಟ ಪತ್ರಿಕೆ ಇರಲಿ, ಊರಿನ ಮಾಸಪತ್ರಿಕೆ ಇರಲಿ, ಮುಂದಿನ ಹೆಜ್ಜೆಗಳು ನಿಮಗೂ ಬೇಕಾಗುತ್ತವೆ.

ಮೊದಲು ಓದುಗರ ಲೆಕ್ಕ ಹಾಕಿ

ಅಡುಗೆ ಪತ್ರಿಕೆಯ ಓದುಗರು ಮೂವತ್ತು ವರ್ಷ ಜೊತೆಗಿರಬಹುದು. ಹದಿಹರೆಯದ ಪತ್ರಿಕೆಗೆ ಆ ಭಾಗ್ಯ ಇಲ್ಲ. ಹದಿಮೂರಕ್ಕೆ ಬಂದ ಹುಡುಗಿ ಹತ್ತೊಂಬತ್ತಕ್ಕೆ ಹೊರಟುಹೋಗುತ್ತಾಳೆ. ಹಾಗಾಗಿ ಪ್ರತಿ ವರ್ಷ ಹೊಸಬರು ಬರುತ್ತಲೇ ಇರಬೇಕು. ಕಾಗದದ ಕಾಲದಲ್ಲಿ ಹೊಸಬರು ತಾವಾಗಿಯೇ ಸಿಗುತ್ತಿದ್ದರು. ಅಕ್ಕ ಓದಿದ್ದನ್ನು ತಂಗಿ ಓದುತ್ತಿದ್ದಳು. ಶಾಲೆಯ ಬ್ಯಾಗಿನಲ್ಲಿ ಒಂದೇ ಪ್ರತಿ ಆರು ಜನರ ಕೈ ದಾಟುತ್ತಿತ್ತು. ಫೋನಿಗೆ ಹೋದ ಮೇಲೆ ಈ ಕೈ ಬದಲಾವಣೆ ನಿಂತುಹೋಗುತ್ತದೆ. ಅದರ ಜಾಗಕ್ಕೆ ಏನು ಬರುತ್ತದೆ ಅನ್ನುವುದನ್ನು ನೀವು ಮೊದಲೇ ಯೋಚಿಸಬೇಕು.

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಚಂದಾದಾರರು ಎಷ್ಟು? ಅಂಗಡಿಯಲ್ಲಿ ಕೊಳ್ಳುವವರು ಎಷ್ಟು? ವಾಪಸ್ ಬರುವ ಪ್ರತಿಗಳು ಎಷ್ಟು? ಶಾಲಾ ಗ್ರಂಥಾಲಯಗಳು ಎಷ್ಟು? ಇವರಲ್ಲಿ ಎಷ್ಟು ಜನರನ್ನು ನಾಳೆ ಬೆಳಿಗ್ಗೆ ನೀವೇ ನೇರವಾಗಿ ತಲುಪಬಹುದು? ಕೊನೆಯ ಪ್ರಶ್ನೆಗೆ ಬರುವ ಸಂಖ್ಯೆ ಬಹಳ ಚಿಕ್ಕದಿರುತ್ತದೆ. ಅಂಗಡಿಯಲ್ಲಿ ಕೊಂಡವಳ ಹೆಸರು ನಿಮಗೆ ಗೊತ್ತೇ ಇಲ್ಲ, ಅಲ್ವಾ? ಮುದ್ರಣ ನಡೆಯುತ್ತಿರುವಾಗಲೇ ಆ ಸಂಖ್ಯೆಯನ್ನು ಬೆಳೆಸಿ. ಪ್ರತಿ ಸಂಚಿಕೆಯಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ. ಸುಮ್ನೆ 'ನಮ್ಮನ್ನು ಹಿಂಬಾಲಿಸಿ' ಅಂದರೆ ಯಾರೂ ಬರುವುದಿಲ್ಲ. ಕಾಗದದಲ್ಲಿ ಅರ್ಧಕ್ಕೆ ನಿಂತದ್ದನ್ನು ಅಲ್ಲಿ ಮುಂದುವರಿಸಿ. ಬ್ಲೌಸಿನ ಕಟಿಂಗ್ ನಕ್ಷೆ ಪುಟದಲ್ಲಿರಲಿ, ಹೊಲಿಯುವ ವಿಡಿಯೊ ಅಲ್ಲಿರಲಿ.

ಒಂದೇ ಏಟಿಗೆ ನಿಲ್ಲಿಸಬೇಡಿ

ಟೀನ್ ವೋಗ್ ಸ್ವತಂತ್ರ ಪತ್ರಿಕೆಯಾಗಿ ಶುರುವಾದದ್ದು 2003ರಲ್ಲಿ. ಏಮಿ ಆಸ್ಟ್ಲಿ ಮೊದಲ ಸಂಪಾದಕಿ. ಅಮ್ಮಂದಿರು ಓದುವ ಫ್ಯಾಷನ್ ಪತ್ರಿಕೆ 'ವೋಗ್'ಗಿಂತ ಚಿಕ್ಕ ಅಳತೆ, ಸುಲಭವಾಗಿ ಬ್ಯಾಗಿಗೆ ಸೇರುವಂಥದ್ದು. 2016ರಲ್ಲಿ ಆಸ್ಟ್ಲಿ ಹೊರಟಾಗ ಹೊಸ ಸಂಪಾದಕಿ ಇಲೇನ್ ವೆಲ್ಟರಾತ್, ಫಿಲಿಪ್ ಪಿಕಾರ್ಡಿ, ಮರೀ ಸೂಟರ್ ಮೂವರೂ ಸೇರಿ ಪತ್ರಿಕೆ ನಡೆಸಿದರು. ಪಿಕಾರ್ಡಿ ಡಿಜಿಟಲ್ ಕಡೆಯವರು. ಅವರು ಸಂಪಾದಕಿಯ ಕೈಕೆಳಗೆ ಇರಲಿಲ್ಲ, ಜೊತೆಗಿದ್ದರು. ಇದನ್ನು ನಾನು ತುಂಬ ಮುಖ್ಯ ಅಂತ ನೋಡುತ್ತೇನೆ. ಮೂಲೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ 'ವೆಬ್‌ಸೈಟ್ ನೋಡಿಕೋ' ಅಂದರೆ ದಾಟುವುದು ಆಗುವ ಮಾತಲ್ಲ.

2017ರಲ್ಲಿ ಅವರು ಸಂಚಿಕೆಗಳನ್ನು ವರ್ಷಕ್ಕೆ 4ಕ್ಕೆ ಇಳಿಸಿದರು. ಒಂದೊಂದೂ ಒಂದು ವಿಷಯ ಹಿಡಿದ, ಎತ್ತಿಟ್ಟುಕೊಳ್ಳುವಂಥ ಸಂಚಿಕೆ. ಆ ವರ್ಷ ನವೆಂಬರ್‌ನಲ್ಲಿ ಮುದ್ರಣ ನಿಲ್ಲುವ ಸುದ್ದಿ ಬಂತು. ಕೊನೆಯ ಸಂಚಿಕೆಗೆ ಹಿಲರಿ ಕ್ಲಿಂಟನ್ ಅತಿಥಿ ಸಂಪಾದಕಿ. 1944ರಿಂದ ಬರುತ್ತಿದ್ದ ಸೆವೆಂಟೀನ್ ಇನ್ನೊಂದು ದಾರಿ ಹಿಡಿಯಿತು. 2018ರ ಕೊನೆಯಲ್ಲಿ ನಿಯಮಿತ ಮುದ್ರಣ ಬಿಟ್ಟು, ಆಗೊಂದು ಈಗೊಂದು ವಿಶೇಷ ಸಂಚಿಕೆ ತರುವುದಾಗಿ ಹೇಳಿತು.

ನೀವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಮಾಸಿಕ ಇದ್ದರೆ ಮೊದಲು ತ್ರೈಮಾಸಿಕ ಮಾಡಿ. ಮಧ್ಯದ ಎರಡು ತಿಂಗಳು ಫೋನಿನಲ್ಲಿ ತುಂಬಿ. ಓದುಗರು ಎಲ್ಲಿ ಜಾರಿಹೋಗುತ್ತಾರೆ ಅನ್ನುವುದು ಆಗ ಕಾಣುತ್ತದೆ, ಸರಿಪಡಿಸಲು ಸಮಯವೂ ಇರುತ್ತದೆ. ವಾರ್ಷಿಕ ಚಂದಾ ಕಟ್ಟಿದವರಿಗೆ ಉಳಿದ ಸಂಚಿಕೆಗಳ ಹಣ ವಾಪಸ್ ಕೊಡಿ. ಬದಲಿಗೆ ಬೇರೇನಾದರೂ ಕೊಡುವುದಿದ್ದರೆ ಅವರನ್ನು ಕೇಳಿ ಕೊಡಿ. ಕೇಳದೆ ಬೇರೆ ಪತ್ರಿಕೆ ಕಳಿಸಬೇಡಿ. ವೈಎಂಗಾಗಿ ಕಾದಿದ್ದ ಎಷ್ಟೋ ಹುಡುಗಿಯರನ್ನು ಯಾರೂ ಕೇಳಿರಲಿಲ್ಲ.

ಹಳೆಯ ಚಿತ್ರ, ಹಳೆಯ ಬರಹ: ಹಕ್ಕು ನಿಮ್ಮದೇ?

ಇಲ್ಲಿ ತುಂಬ ಜನ ಎಡವುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ಪತ್ರಿಕೆಯದ್ದೇ ಅಂದುಕೊಳ್ಳುತ್ತಾರೆ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಮತ್ತು ಲೇಖಕ ಟಾಸಿನಿ ನಡುವಿನ ಪ್ರಕರಣದಲ್ಲಿ ಹವ್ಯಾಸಿ ಲೇಖಕರ ಪರ ತೀರ್ಪು ಕೊಟ್ಟಿತು. ಅಚ್ಚಿಗಾಗಿ ಕೊಟ್ಟ ಬರಹವನ್ನು ಕೇಳದೆ ಡೇಟಾಬೇಸಿಗೆ ಹಾಕುವಂತಿಲ್ಲ ಅಂತಾಯಿತು.

ನಮ್ಮಲ್ಲೂ 1957ರ ಕಾಪಿರೈಟ್ ಕಾಯ್ದೆ ಇದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ ತೆಗೆದುಕೊಳ್ಳಲಾಗುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ವೆಬ್‌ಸೈಟ್ ದುಬೈನಲ್ಲೂ ತೆರೆಯುತ್ತದೆ, ಡಲ್ಲಾಸ್‌ನಲ್ಲೂ ತೆರೆಯುತ್ತದೆ ಅನ್ನುವುದನ್ನು ನೆನಪಿಡಿ. 2012ರ ತಿದ್ದುಪಡಿಯ ನಂತರ ಇನ್ನೊಂದು ಮಾತು ಸೇರಿದೆ. ಒಪ್ಪಂದ ಮಾಡಿಕೊಂಡಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳದ ಹೊರತು, ಆ ಒಪ್ಪಂದ ಅನ್ವಯಿಸುವುದಿಲ್ಲ. ಹಾಗಾಗಿ ಫೋಟೊಗ್ರಾಫರ್, ಚಿತ್ರಕಾರ, ಲೇಖಕರಿಗೆ ಒಂದೊಂದು ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಸ್ವಲ್ಪ ಹಣವನ್ನೂ ಕೊಡಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಹದಿಹರೆಯದ ಪತ್ರಿಕೆಯಲ್ಲಿ ಮಕ್ಕಳೇ ತುಂಬಿರುತ್ತಾರೆ. ಹದಿನೈದು ವರ್ಷದ ಮಾಡೆಲ್, ಹದಿನಾಲ್ಕರ ಓದುಗ ಹುಡುಗಿ ಬರೆದ ಪತ್ರ, 'ನನ್ನ ಮೊಡವೆ', 'ನನ್ನ ಅಪ್ಪ-ಅಮ್ಮನ ಜಗಳ', ಕೆಳಗೆ ಹೆಸರು ಮತ್ತು ಊರು. ಕಾಗದದ ಸಂಚಿಕೆ ಮೂರು ತಿಂಗಳಲ್ಲಿ ರದ್ದಿ ಅಂಗಡಿಗೆ ಹೋಗುತ್ತಿತ್ತು. ವೆಬ್‌ಗೆ ಹೋದರೆ ಹತ್ತು ವರ್ಷದ ನಂತರವೂ ಹೆಸರು ಹುಡುಕಿದವರಿಗೆ ಸಿಗುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರಿಗೂ, ಮದುವೆಗೆ ನೋಡುವವರಿಗೂ. ಆ ಹುಡುಗಿ ಪತ್ರ ಬರೆದಾಗ ಇದಕ್ಕೆ ಒಪ್ಪಿರಲಿಲ್ಲ.

ಆದ್ದರಿಂದ ಹಳೆಯ ಸಂಚಿಕೆಗಳನ್ನು ಇಡಿಯಾಗಿ ಪಿಡಿಎಫ್ ಮಾಡಿ ಎತ್ತಿ ಹಾಕಬೇಡಿ. ಪ್ರತಿ ಪುಟ ಓದಿ. ಸಲಹೆ ಅಂಕಣದ ಹೆಸರು, ಊರು, ಶಾಲೆ ತೆಗೆಯಿರಿ. ಅಪ್ರಾಪ್ತರ ಫೋಟೊ ಇದ್ದರೆ ಅವರಿಂದ, ಇನ್ನೂ 18 ಆಗಿರದಿದ್ದರೆ ಮನೆಯವರಿಂದಲೂ, ಹೊಸದಾಗಿ ಒಪ್ಪಿಗೆ ಪಡೆಯಿರಿ. 'ನನ್ನ ಫೋಟೊ ತೆಗೆಯಿರಿ' ಅಂತ ಕೇಳಿದವರಿಗೆ ಕಾರಣ ಕೇಳದೆ ತೆಗೆದುಕೊಡಿ. ಈ ಕೆಲಸಕ್ಕೆ ಒಬ್ಬರ ಹೆಸರು ಮತ್ತು ಒಂದು ಇಮೇಲ್ ಗೊತ್ತುಮಾಡಿ.

ಒತ್ತಕ್ಷರದ ಕಾಟ

ಇಂಗ್ಲಿಷ್ ಪತ್ರಿಕೆಗೆ ಇಲ್ಲದ ಒಂದು ಹೆಜ್ಜೆ ಕನ್ನಡದವರಿಗೆ ಇದೆ. ನಮ್ಮ ಹಳೆಯ ಫೈಲುಗಳು ನುಡಿ, ಬರಹ, ಶ್ರೀಲಿಪಿ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವನ್ನು ಹಾಗೇ ವೆಬ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಎಲ್ಲ ಫೋನಿನಲ್ಲೂ ಒಂದೇ ರೀತಿ ಓದಲಾಗುವ ಅಕ್ಷರ ಪದ್ಧತಿಯಾದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಆದರೆ ಅವನ್ನು ನಂಬಿ ಸುಮ್ಮನೆ ಕೂರಬೇಡಿ. ನಾನು ಒಂದು ಪತ್ರಿಕೆಯ ಹಳೆಯ ಲೇಖನಗಳನ್ನು ಬದಲಿಸಿದಾಗ ಅರ್ಕಾವೊತ್ತು ತಪ್ಪು ಅಕ್ಷರದ ಮೇಲೆ ಕೂತಿತ್ತು. ದೀರ್ಘಗಳು ಬಿಟ್ಟುಹೋಗಿದ್ದವು. ಮಧ್ಯೆ ಇದ್ದ ಇಂಗ್ಲಿಷ್ ಬ್ರ್ಯಾಂಡ್ ಹೆಸರುಗಳು ಓದಲಾಗದ ಕನ್ನಡವಾಗಿದ್ದವು. ಫ್ಯಾಷನ್ ಲೇಖನದಲ್ಲಿ ಬ್ರ್ಯಾಂಡ್ ಹೆಸರಿಗೆ ಬರವೇ? ಪ್ರೂಫ್ ನೋಡುವವರು ಒಬ್ಬರು ಬೇಕೇ ಬೇಕು. ಎಲ್ಲವನ್ನೂ ಬದಲಿಸಲು ಹೋಗಬೇಡಿ. ಇವತ್ತಿಗೂ ಓದಬಹುದಾದ ನೂರು ಲೇಖನ ಆರಿಸಿ, ಅಷ್ಟನ್ನು ಚೆನ್ನಾಗಿ ಮಾಡಿ.

ಗೂಗಲ್ ಫಾಂಟ್ಸ್‌ನಲ್ಲಿ ಅನೆಕ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ, ಹುಬ್ಬಳ್ಳಿ, ನೋಟೋ ಎಲ್ಲ ಉಚಿತವಾಗಿ ಸಿಗುತ್ತವೆ. ತಲೆಬರಹಕ್ಕೆ ಒಂದು, ಬರಹಕ್ಕೆ ಒಂದು ಸಾಕು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಜೋಡಿಪುಟವನ್ನು ಬಿಡುವುದು

ವಿನ್ಯಾಸದವರಿಗೆ ಇದು ನೋವಿನ ಹೆಜ್ಜೆ. ಎರಡು ಪುಟಗಳ ಅಗಲಕ್ಕೆ ಹರಡಿದ ಒಂದು ಉಡುಪಿನ ಚಿತ್ರ ಕೊಡುವ ಖುಷಿಯೇ ಬೇರೆ. ಫೋನಿನಲ್ಲಿ ಅದು ಬೆಂಕಿಪೊಟ್ಟಣದಷ್ಟಾಗುತ್ತದೆ. 2010ರಲ್ಲಿ ಐಪ್ಯಾಡ್ ಬಂದಾಗ ದೊಡ್ಡ ಕಂಪನಿಗಳೂ ಪುಟವನ್ನು ಪುಟವಾಗಿಯೇ ಉಳಿಸಲು ನೋಡಿದವು. ಕಾಂಡೆ ನಾಸ್ಟ್‌ನ 'ವೈರ್ಡ್' ಅನ್ನುವ ತಂತ್ರಜ್ಞಾನ ಪತ್ರಿಕೆಯ ಆ್ಯಪ್‌ನ ಮೊದಲ ಸಂಚಿಕೆ ಸುಮಾರು 500 ಎಂಬಿ ಇತ್ತು. ಮೊದಲ ಉತ್ಸಾಹ ಇಳಿದ ಮೇಲೆ ಮಾರಾಟವೂ ಇಳಿಯಿತು. ಪುಟ ತಿರುವಿದಂತೆ ಸದ್ದು ಮಾಡುವ ಫ್ಲಿಪ್‌ಬುಕ್‌ಗಳೂ ಇದೇ ಜಾತಿ. ಫೋನಿನಲ್ಲಿ ಹಿಗ್ಗಿಸಿ, ಎಳೆದು, ಮತ್ತೆ ಹಿಗ್ಗಿಸಿ ಓದುವ ತಾಳ್ಮೆ ಹದಿನಾರರವಳಿಗೆ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಹೀಗೆ ಮಾಡಿ. ಪುಟದ ಪಿಡಿಎಫ್‌ನಿಂದ ಚಿತ್ರ ಕತ್ತರಿಸಬೇಡಿ. ಕ್ಯಾಮೆರಾದ ಮೂಲ ಫೈಲಿಗೆ ಹೋಗಿ ಲಂಬವಾಗಿ ಹೊಸದಾಗಿ ಕತ್ತರಿಸಿ. ಅಚ್ಚಿನ ಫೈಲು ನಾಲ್ಕು ಬಣ್ಣದ ಸಿಎಂವೈಕೆಯಲ್ಲಿರುತ್ತದೆ, ಪರದೆಗೆ ಅದರದೇ ಬಣ್ಣದ ಪದ್ಧತಿಯಾದ ಎಸ್‌ಆರ್‌ಜಿಬಿ ಬೇಕು. ಇದನ್ನು ಸರಿಯಾಗಿ ಬದಲಿಸದಿದ್ದರೆ ಬಣ್ಣ ಹಾಳಾಗುತ್ತದೆ. ಬೇರೆ ಪತ್ರಿಕೆಗೆ ಇದು ಸಣ್ಣ ತಪ್ಪು. ನಮಗೆ ಅಲ್ಲ. ಮೆರೂನ್ ಸೀರೆ ಕಂದು ಕಂಡರೆ, ಲಿಪ್‌ಸ್ಟಿಕ್ ಬಣ್ಣ ನೋಡಿ ಕೊಂಡವಳಿಗೆ ಬೇರೆಯೇ ಬಂದರೆ, ಅವಳು ಮತ್ತೆ ನಿಮ್ಮನ್ನು ನಂಬುವುದಿಲ್ಲ. ಚಿತ್ರದ ಅಗಲ 1200ರಿಂದ 1600 ಪಿಕ್ಸೆಲ್ ಸಾಕು. ವೆಬ್‌ಪಿ ರೂಪದಲ್ಲಿ 200 ಕೆಬಿ ಒಳಗೆ ತನ್ನಿ. ಅಕ್ಷರಗಳನ್ನು ಚಿತ್ರದೊಳಗೆ ಬರೆಯಬೇಡಿ. ಹುಡುಕಾಟಕ್ಕೂ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಇಲ್ಲ. ಪ್ರತಿ ಚಿತ್ರಕ್ಕೆ ಬಟ್ಟೆಯ ವಿವರಣೆ ಒಂದು ಸಾಲು ಬರೆಯಿರಿ. 'ಹುಡುಗಿ ನಿಂತಿದ್ದಾಳೆ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಹಸಿರು ಇಳಕಲ್ ಸೀರೆ, ಬಿಳಿ ಶರ್ಟನ್ನೇ ಬ್ಲೌಸಾಗಿ ತೊಟ್ಟಿದ್ದಾಳೆ' ಅಂತ ಬರೆಯಿರಿ.

ಚಿತ್ರ ತಿದ್ದುವ ವಿಷಯದಲ್ಲಿ ಒಂದು ನಿಯಮ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ. 2012ರಲ್ಲಿ ಅಮೆರಿಕದ 14 ವರ್ಷದ ಹುಡುಗಿಯೊಬ್ಬಳು ಸೆವೆಂಟೀನ್‌ಗೆ ಒಂದು ಬೇಡಿಕೆ ಇಟ್ಟಳು: ತಿಂಗಳಿಗೆ ಒಂದಾದರೂ ತಿದ್ದದ ಫೋಟೊ ಹಾಕಿ. ಆನ್‌ಲೈನ್‌ನಲ್ಲಿ 80,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹುಡುಗಿಯರ ಮೈ, ಮುಖದ ಆಕಾರ ಬದಲಿಸುವುದಿಲ್ಲ ಅಂತ ಪತ್ರಿಕೆ ಬರೆದುಕೊಟ್ಟಿತು. ಈಗ ಪ್ರತಿ ಫೋನಿನಲ್ಲೂ ಫಿಲ್ಟರ್ ಇದೆ. ಓದುವ ಹುಡುಗಿ ಬೆಳಿಗ್ಗೆಯಿಂದ ಸಂಜೆವರೆಗೆ ತಿದ್ದಿದ ಮುಖಗಳನ್ನೇ ನೋಡುತ್ತಿರುತ್ತಾಳೆ. ನಿಮ್ಮ ಪತ್ರಿಕೆಯಲ್ಲಾದರೂ ಚರ್ಮ ಚರ್ಮದ ಹಾಗೆ ಕಾಣಲಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡಿ. ಕಚೇರಿಯ ವೈಫೈನಲ್ಲಿ, ದುಬಾರಿ ಫೋನಿನಲ್ಲಿ ನೋಡಿ ಸಮಾಧಾನಪಡಬೇಡಿ. ಅಮ್ಮನ ಹಳೆಯ ಫೋನು ಹಿಡಿದು ಓಡುವ ಬಸ್ಸಿನಲ್ಲಿ ತೆರೆಯಿರಿ.

ಸಂಚಿಕೆ ಹೋದ ಮೇಲೆ ಕ್ಯಾಲೆಂಡರ್ ಏನಾಗುತ್ತದೆ

ಮುದ್ರಣದಲ್ಲಿ ಮೂರು ತಿಂಗಳ ಮುಂಚೆ ಕೆಲಸ ಶುರು. ಡಿಸೆಂಬರ್‌ನ ಸ್ವೆಟರನ್ನು ಸೆಪ್ಟೆಂಬರ್‌ನ ಸೆಕೆಯಲ್ಲಿ ಹಾಕಿಸಿ ಫೋಟೊ ತೆಗೆಯುತ್ತಿದ್ದರು. ಡಿಜಿಟಲ್‌ನಲ್ಲಿ ಬೆಳಿಗ್ಗೆ ಹೊಳೆದದ್ದು ಸಂಜೆಗೆ ಹೋಗಬಹುದು. ಹಾಗಂತ ದಿನಕ್ಕೆ ಇಪ್ಪತ್ತು ಹಾಕಲು ಹೋದರೆ ತಂಡ ಸುಸ್ತಾಗುತ್ತದೆ. ಓದುಗರಿಗೆ ಕಾಯುವ ಸುಖವೂ ಹೋಗುತ್ತದೆ. ನನ್ನ ಸಲಹೆ: ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಶನಿವಾರ ಸಂಜೆ ಅಂದರೆ ಶನಿವಾರ ಸಂಜೆಯೇ. ತಿಂಗಳಿಗೊಮ್ಮೆ ಒಂದು ಮುಖಪುಟವೂ ಇರಲಿ. ಅಚ್ಚಾಗದಿದ್ದರೂ ಮುಖಪುಟಕ್ಕೆ ಬೆಲೆ ಇದೆ. ಟೀನ್ ವೋಗ್ ಕೂಡ ಮುದ್ರಣ ನಿಂತ ಮೇಲೆ ಡಿಜಿಟಲ್ ಮುಖಪುಟಗಳನ್ನು ತಂದಿತು.

ಪ್ರತಿ ವರ್ಷ ತಿರುಗಿ ಬರುವ ವಿಷಯಗಳಿಗೆ ಹೊಸ ಲೇಖನ ಬರೆಯಬೇಡಿ. ಅಮೆರಿಕದ ಪತ್ರಿಕೆಗಳಿಗೆ ಶಾಲೆಯ ಪ್ರಾಮ್ ಕುಣಿತದ ಉಡುಪು ಇದ್ದ ಹಾಗೆ ನಮ್ಮಲ್ಲಿ ಎಥ್ನಿಕ್ ಡೇ, ಪಿಯುಸಿ ಸೆಂಡ್‌ಆಫ್. 'ಮೊದಲ ಸಲ ಸೀರೆ ಉಡುವುದು ಹೇಗೆ' ಅನ್ನುವ ಒಂದೇ ಲೇಖನ, ಒಂದೇ ಲಿಂಕ್ ಇರಲಿ. ಪ್ರತಿ ವರ್ಷ ಅದನ್ನೇ ತಿದ್ದಿ, ಹೊಸ ಚಿತ್ರ ಸೇರಿಸಿ. ಐದು ವರ್ಷ ಹುಡುಕಾಟದಲ್ಲಿ ಮೇಲೆ ಬರುತ್ತಾ ಹೋಗುತ್ತದೆ. ಅಕ್ಕನಿಂದ ತಂಗಿಗೆ ಕೈ ಬದಲಾಗುತ್ತಿದ್ದ ಸಂಚಿಕೆಗೆ ಇದಕ್ಕಿಂತ ಹತ್ತಿರದ ಬದಲಿ ನನಗೆ ಕಂಡಿಲ್ಲ.

ಇನ್ನು ವಿಷಯದ ಹರವು. 2016ರ ಡಿಸೆಂಬರ್‌ನಲ್ಲಿ ಟೀನ್ ವೋಗ್‌ನ ವೆಬ್‌ಸೈಟಿನಲ್ಲಿ ಲಾರೆನ್ ಡ್ಯೂಕಾ ಡೊನಾಲ್ಡ್ ಟ್ರಂಪ್ ಬಗ್ಗೆ ಬರೆದ ಲೇಖನ ದೇಶದ ತುಂಬ ಓಡಾಡಿತು. ಹುಡುಗಿಯರ ಫ್ಯಾಷನ್ ಪತ್ರಿಕೆಯಲ್ಲಿ ರಾಜಕೀಯವೇ ಅಂತ ಹುಬ್ಬೇರಿಸಿದವರು ಬಹಳ. ಆದರೆ ಓದುವ ಹುಡುಗಿಗೆ ಈ ಎರಡೂ ಬೇರೆ ಬೇರೆ ಕೋಣೆಗಳಲ್ಲ. ಸ್ಕರ್ಟಿನ ಉದ್ದದ ಬಗ್ಗೆ ಯೋಚಿಸುವವಳೇ ಕಾಲೇಜಿನ ಡ್ರೆಸ್ ಕೋಡ್ ಬಗ್ಗೆ ಸಿಟ್ಟಾಗುತ್ತಾಳೆ. ಪುಟಗಳ ಲೆಕ್ಕ ಇಲ್ಲದ ಜಾಗದಲ್ಲಿ ಆ ಸಿಟ್ಟಿಗೂ ಜಾಗ ಕೊಡಿ.

ಬೇರೆಯವರ ಅಂಗಳದಲ್ಲಿ ಪೂರ್ತಿ ಮನೆ ಕಟ್ಟಬೇಡಿ

ಇನ್‌ಸ್ಟಾಗ್ರಾಂ ಬೇಕು, ಯೂಟ್ಯೂಬ್ ಬೇಕು. ಹುಡುಗಿಯರು ಅಲ್ಲೇ ಇದ್ದಾರೆ. ಆದರೆ ಅಲ್ಲಿಂದ ಅವರನ್ನು ನಿಮ್ಮ ಸೈಟಿಗೆ ಕರೆತರುವ ದಾರಿ ಇರಲೇಬೇಕು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡಿನಲ್ಲಿ ಪತ್ರಿಕೆಗಳ ಪೋಸ್ಟ್ ಕಡಿಮೆ ಮಾಡುವುದಾಗಿ ಹೇಳಿತು. ಅದನ್ನೇ ನೆಚ್ಚಿಕೊಂಡಿದ್ದವರ ಓದುಗರು ಕರಗಿಹೋದರು. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಒಂದೇ ರಾತ್ರಿಗೆ ಲಕ್ಷಾಂತರ ಫಾಲೋವರ್ಸ್ ಇದ್ದವರು ಸೊನ್ನೆಗೆ ಬಂದರು. 2025ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ 16 ತುಂಬದವರಿಗೆ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯೇ ಇಲ್ಲ. ನಿಮ್ಮ ಓದುಗರ ವಯಸ್ಸೇ ಅದು. ಸ್ವಂತ ಡೊಮೇನ್, ಸ್ವಂತ ಸೈಟ್, ಓದುಗರೇ ಕೊಟ್ಟ ಇಮೇಲ್, ಇವಿಷ್ಟು ನಿಮ್ಮ ಕೈಯಲ್ಲಿರಲಿ.

ಮಕ್ಕಳ ಮಾಹಿತಿ ಮುಟ್ಟುವಾಗ

ಇಮೇಲ್ ಕೇಳುವಾಗ ಕಾನೂನು ಗೊತ್ತಿರಬೇಕು. ಅಮೆರಿಕದಲ್ಲಿ 13 ತುಂಬದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಖಚಿತಪಡಿಸಿಕೊಂಡ ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಹಿಂದೆ ಬಿದ್ದು ನೋಡುವ ಟ್ರ್ಯಾಕಿಂಗ್, ಅವರನ್ನೇ ಗುರಿ ಮಾಡಿದ ಜಾಹೀರಾತು ಕೂಡದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಹಂತ ಹಂತವಾಗಿ ಜಾರಿಯಾಗುತ್ತವೆ.

ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಓದುವುದಕ್ಕೆ ಲಾಗಿನ್ ಬೇಡ ಅನ್ನಿ. ಹುಟ್ಟಿದ ದಿನ, ಶಾಲೆ, ಫೋನ್ ನಂಬರ್ ಕೇಳಲೇಬೇಡಿ. ವಾಟ್ಸ್ಆ್ಯಪ್ ಚಾನೆಲ್ ಚಿಕ್ಕ ಪತ್ರಿಕೆಗೆ ಒಳ್ಳೆಯ ದಾರಿ. ಅಲ್ಲಿ ಸೇರಿದವರ ನಂಬರ್ ನಿಮಗೂ ಕಾಣುವುದಿಲ್ಲ, ಒಬ್ಬರಿಗೊಬ್ಬರಿಗೂ ಕಾಣುವುದಿಲ್ಲ. ವಾಟ್ಸ್ಆ್ಯಪ್ ಗ್ರೂಪ್ ಮಾತ್ರ ಬೇಡ. ಅಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ.

ಹಣ

ಮುದ್ರಣದ ಹಿಂಬದಿ ರಕ್ಷಾಪುಟದ ಜಾಹೀರಾತು ಕೊಟ್ಟಷ್ಟು ಹಣವನ್ನು ಸೈಟಿನ ಬ್ಯಾನರ್ ಕೊಡುವುದಿಲ್ಲ. ಅಚ್ಚು, ಕಾಗದ, ಅಂಚೆಯ ಖರ್ಚು ಉಳಿಯುತ್ತದೆ ನಿಜ. ಆದರೆ ಆ ಉಳಿತಾಯವೇ ಎಲ್ಲವನ್ನೂ ತುಂಬುವುದಿಲ್ಲ. ಪ್ರಾಯೋಜಿತ ಲೇಖನ, ಕೊಂಡರೆ ಕಮಿಷನ್ ಸಿಗುವ ಲಿಂಕ್, ಸಭೆಗಳು ಹೀಗೆ ಮೂರು ನಾಲ್ಕು ದಾರಿ ಬೇಕು. ಟೀನ್ ವೋಗ್ ಮುದ್ರಣ ನಿಂತ ತಿಂಗಳೇ, 2017ರ ಡಿಸೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಓದುಗರ ಸಮಾವೇಶ ನಡೆಸಿತು. ಹಣ ಪಡೆದು ಬರೆದದ್ದಕ್ಕೆ 'ಜಾಹೀರಾತು' ಅಂತ ಮೇಲೆಯೇ, ಕನ್ನಡದಲ್ಲೇ ಬರೆಯಿರಿ. ಹದಿನಾಲ್ಕರವಳಿಗೆ 'ಪಾರ್ಟ್ನರ್‌ಶಿಪ್' ಅಂದರೆ ಅದು ಜಾಹೀರಾತು ಅಂತ ಹೊಳೆಯುವುದಿಲ್ಲ.

ಬಾಗಿಲು ಮುಚ್ಚುವ ದಿನಕ್ಕೂ ಸಿದ್ಧತೆ

ದಾಟಿದ ಮೇಲೂ ಪತ್ರಿಕೆ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ. 'ಎಲ್‌ಗರ್ಲ್' 2006ರಲ್ಲಿ ಅಮೆರಿಕದಲ್ಲಿ ಮುದ್ರಣ ನಿಲ್ಲಿಸಿ ವೆಬ್‌ನಲ್ಲಿ ಮುಂದುವರಿಯಿತು. ಬ್ರಿಟನ್ನಿನ 'ಶುಗರ್' 2011ರಲ್ಲಿ ಅದೇ ಹಾದಿ ಹಿಡಿಯಿತು. ಟೀನ್ ವೋಗ್ ಎಂಟು ವರ್ಷ ಪೂರ್ತಿ ಡಿಜಿಟಲ್ ಆಗಿ ನಡೆದು, 2025ರ ನವೆಂಬರ್‌ನಲ್ಲಿ ವೋಗ್‌ನ ಸೈಟಿನೊಳಗೆ ಸೇರಿಹೋಯಿತು.

ಕಾಗದದ ಸಂಚಿಕೆ ಎಲ್ಲೋ ಒಂದು ಕಡೆ ಉಳಿಯುತ್ತದೆ. 1954ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಅಚ್ಚಾದದ್ದರ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಸೈಟಿಗೆ ಅಂಥ ಆಸರೆ ಇಲ್ಲ. ಡೊಮೇನ್ ಹಣ ಕಟ್ಟುವುದು ಮರೆತರೆ ಹತ್ತು ವರ್ಷದ ಕೆಲಸ ಮಾಯ. ಹಾಗಾಗಿ ಡೊಮೇನನ್ನು ಹಲವು ವರ್ಷಕ್ಕೆ ಒಟ್ಟಿಗೆ ನೋಂದಾಯಿಸಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಲೇಖನದ ಲಿಂಕ್ ಬದಲಿಸಬೇಕಾದರೆ ಹಳೆಯ ಲಿಂಕಿನಿಂದ ಹೊಸದಕ್ಕೆ ದಾರಿ ಹಾಕಿ. ಪ್ರತಿ ತಿಂಗಳು ಇಡೀ ಸೈಟಿನ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿ. ಮುಖ್ಯ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ (ಹಳೆಯ ವೆಬ್ ಪುಟಗಳನ್ನು ಕಾಪಿಡುವ ಜಾಲತಾಣ) ಉಳಿಸಿ. ಯಾರಾದರೂ ತೆಗೆಯಲು ಕೇಳಿದ ಪುಟವನ್ನು ಈ ಪ್ರತಿಗಳಿಂದಲೂ ತೆಗೆಯಬೇಕು. ಆರ್ಕೈವ್‌ಗೂ ಒಂದು ಇಮೇಲ್ ಬರೆದು ಕೋರಿಕೊಳ್ಳಿ. ಹಾರ್ಡ್ ಡಿಸ್ಕ್ ಒಂದು ಕಚೇರಿಯಲ್ಲಿರಲಿ, ಇನ್ನೊಂದು ಸಂಪಾದಕರ ಮನೆಯ ಬೀರುವಿನಲ್ಲಿ, ಕಾಗದದ ಮೊದಲ ಸಂಚಿಕೆಯ ಪಕ್ಕದಲ್ಲಿರಲಿ.